ಕೈ ಅಡ್ಡ ಹಿಡಿದ ನಗು

ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ಪ್ಲಾಸ್ಟಿಕ್ ಚಿಪ್ಪು ಸಿಕ್ಕಿಸಿಕೊಂಡು ‘ಸಿಂಧೂ ಸಂಸ್ಕೃತಿಯ ಸಾರ್ವಜನಿಕ ಸ್ನಾನಗೃಹ’ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ. ನಾನು ಹೇಳಿದೆ, ಅದೂ ತುಂಬಿದ ತರಗತಿಯಲ್ಲಿ. ‘ಥಿಂಧೂ ಥಂಥ್ಕೃತಿಯ ಥಾರ್ವಜನಿಕ ಥ್ನಾನಗೃಹ’ ಎಂದು ಹೊರಬಿತ್ತು. ಸಾವಿರಾರು ವರ್ಷ ಮಣ್ಣಿನಡಿ ಮಲಗಿದ್ದ ಆ ಸ್ನಾನಗೃಹಕ್ಕೆ ಅಂಥ ಅವಮಾನ ಹಿಂದೆಂದೂ ಆಗಿರಲಿಕ್ಕಿಲ್ಲ.

ನಾನು ಕಲಿಸುವ ಕಲ್ಲೋಳಿಯ ಶಾಲೆಯ ಮಕ್ಕಳು ಮರ್ಯಾದಸ್ಥರು. ಬಾಯಾರ ಮುಖಕ್ಕೆ ಹೊಡೆದಂತೆ ನಗುವುದಿಲ್ಲ. (ನಮ್ಮ ಕಡೆ ಶಿಕ್ಷಕಿಯನ್ನು ‘ಬಾಯಾರು’ ಎನ್ನುತ್ತಾರೆ. ಬಾಯಿಯೇ ಬಂಡವಾಳವಾದ ಕೆಲಸಕ್ಕೆ ಒಪ್ಪುವ ಹೆಸರು.) ಅವರು ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಸುತ್ತ ನಗುತ್ತಾರೆ. ಸಿಂಧೂ ಬಯಲಿನ ಗತಿ ಏನಾದರೂ ಆಗಲಿ, ಅದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.

“ಕೈ ತಗೀರಿ! ನಗೂದಿದ್ರ ಕೈ ತಗದ ನಗರಿ!” ಎಂದು ಮೇಜು ಬಡಿದೆ.

ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಕುಳಿತಾಗಲೂ ನನ್ನದು ಇದೇ ಹಾಡು. ಉಣ್ಣುವಾಗ ಯಾರಾದರೂ ನಕ್ಕು ಬಾಯಿಗೆ ಕೈ ಒಯ್ದರೆ ಅಲ್ಲಿಗೆ ಓಡುತ್ತೇನೆ, ಕೈ ತೆಗೆಸುತ್ತೇನೆ, ಬಾಯೊಳಗೆ ಇಣುಕುತ್ತೇನೆ. ಹೀಗಾಗಿ ಶಾಲೆಯಲ್ಲಿ ನನಗೆ ‘ಕೈತಗಿ ಬಾಯಾರು’ ಎಂದು ಹೆಸರು ಬಿದ್ದಿದೆ. ಇಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಕೈ, ಬಾಯಿ ಎರಡನ್ನೂ ಒಂದೇ ಹೆಸರಿನಲ್ಲಿ ಹೊಲಿದ ಆ ಜಾಣ ಯಾರೆಂದು ಗೊತ್ತಾದರೆ ಕನ್ನಡ ಕಲಿಸುವ ಸರ್‌ಗೆ ಹೇಳಿ ಐದು ಅಂಕ ಹೆಚ್ಚು ಕೊಡಿಸಬೇಕು.

ಈ ಪ್ಲಾಸ್ಟಿಕ್ ಚಿಪ್ಪಿನ ಕಥೆ ಶುರುವಾದದ್ದು ಗೋಕಾಕದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಮೂವತ್ತು ದಾಟಿದ ಮೇಲೆ ನನ್ನ ಮುಂದಿನ ಎರಡು ಹಲ್ಲು, ಬಸ್ಸಿನಲ್ಲಿ ಜಾಗ ಹಿಡಿಯುವವರಂತೆ ಒಂದನ್ನೊಂದು ದಬ್ಬತೊಡಗಿದ್ದವು. ನನಗಿಂತ ಚಿಕ್ಕ ವಯಸ್ಸಿನ ಆ ಡಾಕ್ಟರು ಬಾಯೊಳಗೆ ಕನ್ನಡಿ ಆಡಿಸಿ ಕೇಳಿದರು.

“ಬಾಯಾರ, ನೀವು ಹಲ್ಲ ಕಡೀತೀರೇನ್ರಿ?”

“ಯಾರ ಮ್ಯಾಲ್ರಿ?” ಎಂದೆ.

ಅವರು ನಕ್ಕರು. ಸಿಟ್ಟಿನ ಮಾತಲ್ಲವಂತೆ. ದವಡೆ ಬಿಗಿ ಹಿಡಿದು ಹಿಡಿದು ನನ್ನ ಹಲ್ಲಿನ ತುದಿಗಳೆಲ್ಲ ಸವೆದಿದ್ದವು. ಯಾವಾಗ ಹಾಗೆ ಹಿಡಿಯುತ್ತೀರಿ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ಸುಳ್ಳು. ಎದುರಿಗೆ ಯಾರಾದರೂ ಉಣ್ಣುತ್ತಿದ್ದರೆ, ಅವರ ತುತ್ತು ಗಂಟಲಿನಿಂದ ಕೆಳಗೆ ಇಳಿಯುವವರೆಗೂ ನಾನು ಹಲ್ಲು ಕಚ್ಚಿ ಹಿಡಿದಿರುತ್ತೇನೆ. ಇಷ್ಟು ವರ್ಷಗಳಲ್ಲಿ ಎಷ್ಟು ಜನರ ತುತ್ತು ಕಾಯ್ದಿದ್ದೇನೋ! ಸವೆಯದೇ ಏನು ಮಾಡೀತು ಹಲ್ಲು?

“ಈಗ ತಂತಿ ಗಿಂತಿ ಬ್ಯಾಡ್ರಿ. ಅಲೈನರ್ ಅಂತ ಬಂದೈತಿ. ಹಾಕ್ಕೊಂಡದ್ದ ಯಾರಿಗೂ ಕಾಣೂದಿಲ್ಲ” ಎಂದರು ಡಾಕ್ಟರು. ಕಾಣುವುದಿಲ್ಲ, ನಿಜ. ಕೇಳಿಸುತ್ತದೆ ಎಂಬುದನ್ನು ಅವರು ಹೇಳಲಿಲ್ಲ.

ಎರಡೆರಡು ವಾರಕ್ಕೊಂದು ಹೊಸ ಜೋಡಿ. ಹೊಸ ಚಪ್ಪಲಿ ಕಾಲು ಕಚ್ಚುವಂತೆ ಪ್ರತಿ ಹೊಸ ಜೋಡಿಯೂ ಮೊದಲ ಮೂರು ದಿನ ಬಾಯಿ ಕಚ್ಚುತ್ತದೆ. ಚಪ್ಪಲಿಯಾದರೆ ಕೈಯಲ್ಲಿ ಹಿಡಿದು ನಡೆಯಬಹುದು. ಇದನ್ನು ಹಾಕಿಕೊಂಡೇ ಇರಬೇಕು, ಉಣ್ಣುವಾಗ ಮತ್ತು ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಅಂಚು ತಾಗಿ ನಾಲಿಗೆಯ ಬದಿ ಹುಣ್ಣಾಯಿತು. ಡಾಕ್ಟರು ಮೇಣದ ತುಂಡು ಕೊಟ್ಟರು. ನಾನು ಅದಕ್ಕಿಂತ ಅವ್ವನ ಬೆಣ್ಣೆಯನ್ನು ನಂಬಿದೆ. ರೊಟ್ಟಿಯ ಮೇಲಿನ ಗರಿಗರಿ ಪಾಪಡಿ ಕಚ್ಚಿದರೆ ಕಿವಿಯವರೆಗೆ ನೋವು. ಹಾಗಾಗಿ ರೊಟ್ಟಿ ಮುರಿದು ಬೇಳೆಕಟ್ಟಿನಲ್ಲಿ ನೆನೆಸಿಟ್ಟು, ಹಲ್ಲಿಲ್ಲದ ಮುದುಕಿಯಂತೆ ಸುರಿದುಕೊಳ್ಳತೊಡಗಿದೆ. ಶಾಲೆಯಲ್ಲಿ ಚಹಾ ಬಂದಾಗ ಚಿಪ್ಪು ತೆಗೆಯಲೋ ಚಹಾ ಬಿಡಲೋ ಎಂಬ ಧರ್ಮಸಂಕಟ. ಚಿಪ್ಪು ಇಡಲು ಕೊಟ್ಟ ಡಬ್ಬಿಯನ್ನು ಉಣ್ಣುವಾಗ ತಾಟಿನ ಪಕ್ಕವೇ ಇಟ್ಟುಕೊಳ್ಳುತ್ತೇನೆ. ಮೊದಲ ತುತ್ತಿಗೆ ಮುನ್ನ ಒಮ್ಮೆ ಮುಚ್ಚಳ ತೆರೆದು ಎರಡೂ ಇವೆಯೇ ನೋಡುತ್ತೇನೆ. ಎರಡನೆಯ ತುತ್ತಿಗೆ ಮತ್ತೊಮ್ಮೆ. ಮೂರನೆಯದಕ್ಕೆ ಇನ್ನೊಮ್ಮೆ. ನೋಡಿದವರು ಡಬ್ಬಿಯಲ್ಲಿ ಬಂಗಾರ ಇದೆ ಎಂದುಕೊಳ್ಳಬೇಕು.

ಆ ಡಬ್ಬಿ ಮುಚ್ಚುವಾಗ ‘ಟಕ್’ ಎನ್ನುತ್ತದೆ. ಪದ್ಮಕ್ಕನ ಪೌಡರ್ ಡಬ್ಬಿಯೂ ಹಾಗೇ ಎನ್ನುತ್ತಿತ್ತು.

ಪದ್ಮಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮದು ಮೂಡಲಗಿ. ಅಪ್ಪ, ಅವ್ವ, ಆಯಿ ಎಂದು ನಾವು ಕರೆಯುವ ಅಪ್ಪನ ತಾಯಿ, ಅಕ್ಕ, ನಾನು. ಅಕ್ಕನ ಬಲಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಇದಕ್ಕೆ ಆಯಿಯ ಬಳಿ ಕಾರಣವಿತ್ತು. ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯಲ್ಲಿ ಹುದುಗಿಸಿ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಎಸೆಯಬೇಕಲ್ಲ, ಅಕ್ಕ ಎಸೆದದ್ದು ಗುರಿ ತಪ್ಪಿ ಪಕ್ಕದವರ ಮಾಳಿಗೆಗೆ ಬಿತ್ತಂತೆ. “ಹಳೇ ಹಲ್ಲ ಬಾಜೂ ಮನಿಗೆ ಹೋತು, ಹೊಸಾ ಹಲ್ಲ ಬಾಜೂಕ ಬಂತು” ಎಂದು ಆಯಿ ತೀರ್ಪು ಕೊಟ್ಟಿದ್ದಳು. ಹಲ್ಲಿನ ಮೇಲೆ ಹಲ್ಲು ಇದ್ದವರು ಅದೃಷ್ಟವಂತರು ಎಂದೂ ಅವಳೇ ಹೇಳುತ್ತಿದ್ದಳು. ಶಾಲೆಯ ಹುಡುಗಿಯರಿಗೆ ಆಯಿಯ ಶಾಸ್ತ್ರ ಗೊತ್ತಿರಲಿಲ್ಲ. ಅವರು ಅಕ್ಕನನ್ನು ‘ಮಾಳಿಗಿ ಹಲ್ಲಿನ ಪದ್ದಿ’ ಎಂದು ಕರೆದರು. ಅಂದಿನಿಂದ ಅಕ್ಕ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದಳು.

ಆದರೆ ಅವಳು ನಗುವುದನ್ನು ಕಡಿಮೆ ಮಾಡಲಿಲ್ಲ ನೋಡಿ! ನಗು ಉಕ್ಕಿದರೆ ಅವಳ ಗಂಟಲಿನಿಂದ ದನಿಯೇ ಬರುತ್ತಿರಲಿಲ್ಲ. ಅಡ್ಡ ಹಿಡಿದ ಕೈ ಗಡಗಡ ನಡುಗಿ ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ನಮ್ಮ ಮನೆಯಲ್ಲಿ ಅಕ್ಕನ ನಗು ಎಂದರೆ ಬಳೆಯ ಸದ್ದು. ಕಣ್ಣಿಗೆ ಪೊರೆ ಬಂದ ಆಯಿ ಪಡಸಾಲೆಯಲ್ಲಿ ಕುಳಿತೇ, “ಪದ್ಮಾ ನಗಾಕತ್ತಾಳ, ಏನರ ಉಡಾಳತನಾ ನಡದೈತಿ ಒಳಗ” ಎಂದು ಪತ್ತೆ ಹಚ್ಚುತ್ತಿದ್ದಳು. ನನಗೆ ಈಗಲೂ ಬಳೆ ಅಂಗಡಿಯ ಮುಂದೆ ಹಾದು ಹೋಗುವಾಗ, ಯಾರೋ ಒಳಗೆ ನಗುತ್ತಿದ್ದಾರೆ ಅನಿಸುತ್ತದೆ. ಒಂದು ಕ್ಷಣ ನಿಂತು ಬಿಡುತ್ತೇನೆ. ಅಂಗಡಿಯವನು, “ಯಾ ಸೈಜ್ ಬೇಕ್ರಿ ಅಕ್ಕಾರ?” ಎಂದಾಗ ಮುಂದೆ ಹೋಗುತ್ತೇನೆ.

ಮಹಾರಾಷ್ಟ್ರದ ಗಡಿಯ ಕಣಗಲಾದಿಂದ ವರನ ಕಡೆಯವರು ಹೆಣ್ಣು ನೋಡಲು ಬಂದದ್ದು ನಾನು ಗೋಕಾಕದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ. ಕಬ್ಬು, ಎಮ್ಮೆ ಇದ್ದ, ನಮ್ಮಂತೆಯೇ ಜೈನ ಮನೆತನ. ಮಾತಿಗೆ ಮಾತು ಮರಾಠಿ ಬೆರೆಸುವ ಜನ. ವರನ ತಾಯಿ ಎತ್ತರದ ಗಟ್ಟಿ ಹೆಂಗಸು. ಅವರು ಏನೋ ಚೇಷ್ಟೆ ಮಾಡಿದರು, ಅಕ್ಕ ಎಂದಿನಂತೆ ಕೈ ಅಡ್ಡ ಹಿಡಿದು ನಕ್ಕಳು. ಬಳೆ ಸದ್ದು ಮಾಡಿದವು.

“ಎಷ್ಟ ನಾಚಿಕಿ ಐತಿ ನೋಡ್ರಿ ಹುಡಿಗಿಗೆ! ಈಗಿನ ಕಾಲದಾಗ ಹಿಂಗ ಕೈ ಹಿಡದ ನಗೂವಂಥಾವ್ರು ಎಲ್ಲಿ ಸಿಗತಾರ?” ಎಂದು ಅವರು ಅಲ್ಲೇ ಒಪ್ಪಿಬಿಟ್ಟರು.

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು.

ಅವರು ಹೋದ ಮೇಲೆ ಅಕ್ಕ ಅಡುಗೆಮನೆಯಲ್ಲಿ ಕುಳಿತು ಅಳತೊಡಗಿದಳು. “ಅವರ ನನ್ನ ಹಲ್ಲ ನೋಡೇ ಇಲ್ಲ. ನಾಚಿಕಿ ಅಂತ ತಿಳಕೊಂಡಾರ. ಲಗ್ನಾ ಆದ ಮ್ಯಾಲ ಎಷ್ಟ ದಿನಾ ಅಂತ ಕೈ ಹಿಡೀಲೆ? ರೊಟ್ಟಿ ಬಡಿಯೂ ಮುಂದ ಎರಡೂ ಕೈ ಹಿಟ್ಟಿನ್ಯಾಗ ಇರತಾವ. ಆವಾಗ ನಗಿ ಬಂದ್ರ?”

ಇದಕ್ಕೆ ಉಪಾಯ ಹೇಳಿದವಳು ನಾನು. ಕಾಲೇಜು ಕಲಿತವಳಲ್ಲವೇ! ಬೆಳಗಾವಿಯಲ್ಲಿ ಹಲ್ಲು ನೆಟ್ಟಗೆ ಮಾಡುತ್ತಾರೆ ಎಂದು ನಾನೇ ಅಕ್ಕನನ್ನು ಕರೆದುಕೊಂಡು ಹೋದೆ. ಅಂಟಿಸುವ ತಂತಿ ಕಾಣುತ್ತದೆ, ಬೇಡ ಎಂದೆವು. ಅಲ್ಲಿಯ ಡಾಕ್ಟರು ತೆಗೆದು ಹಾಕುವಂಥ ಪ್ಲೇಟು ಮಾಡಿಕೊಟ್ಟರು. ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ಬಿಲ್ಲೆ, ಅದರಿಂದ ಹೊರಟ ಕೂದಲೆಳೆಯಂಥ ತಂತಿ. “ಊಟಕ್ಕ ಕೂಡೂ ಮುಂದ ತಗೀಬೇಕ್ರಿ. ಮರೀಬ್ಯಾಡ್ರಿ” ಎಂದು ಅವರು ಹೇಳಿದ್ದೂ ನನಗೇ. ಅಕ್ಕನ ಬಾಯಿ ಆಗ ಅಚ್ಚು ತೆಗೆಯುವ ಹಿಟ್ಟಿನಿಂದ ತುಂಬಿತ್ತು.

ಮೊದಲ ವಾರ ಅಕ್ಕ ಪಟ್ಟ ಪಾಡನ್ನು ನಾನು ಈಗ ಕಂತಿನಲ್ಲಿ ಪಡುತ್ತಿದ್ದೇನೆ. ಹಲ್ಲು ನೋವು, ಜೊಲ್ಲು, ನಾಲಿಗೆಯ ಹುಣ್ಣು. ಉಣ್ಣುವಾಗ ತೆಗೆದ ಪ್ಲೇಟನ್ನು ಅವಳು ತನ್ನ ಪೌಡರ್ ಡಬ್ಬಿಯಲ್ಲಿ ಇಡುತ್ತಿದ್ದಳು. ಆಯಿ ಬೆರಳಲ್ಲಿ ಬೆಣ್ಣೆ ಹಚ್ಚುತ್ತ, “ಅದೃಷ್ಟ ನೆಟ್ಟಗ ಮಾಡಾಕ ಹೊಂಟಾಳವಾ ನಮ್ಮ ಪದ್ಮಾ” ಎನ್ನುತ್ತಿದ್ದಳು. ಎಲ್ಲಕ್ಕಿಂತ ಮೋಜು ಎಂದರೆ ಮಾತು. ಅಕ್ಕ ಒಮ್ಮೆ ಪ್ಲೇಟು ತೆಗೆಯದೆ ಮಜ್ಜಿಗೆ ಕುಡಿಯುತ್ತಿದ್ದಳು. ಅವ್ವ ಇನ್ನಷ್ಟು ಸುರಿಯಲು ಬಂದಾಗ ‘ಸಾಕು’ ಎಂದಳು. ಅದು ‘ಥಾಕು’ ಎಂದು ಬಂತು. ಅವ್ವನಿಗೆ ‘ಹಾಕು’ ಎಂದು ಕೇಳಿಸಿತು. ಅವ್ವ ಸುರಿದಳು. “ಥಾಕು, ಥಾಕು!” ಎಂದು ಅಕ್ಕ ಕೂಗಿದಂತೆಲ್ಲ ಅವ್ವ ಸುರಿದಳು. ಲೋಟ ತುಂಬಿ ಹರಿಯಿತು. ಅಂದು ಬಳೆಗಳು ಎಷ್ಟು ಹೊತ್ತು ಸದ್ದು ಮಾಡಿದವೋ! ಆಮೇಲೆ ಮನೆಯಲ್ಲಿ ಅದೇ ಆಟವಾಯಿತು. ಬೇಕಂತಲೇ ನಾನು ಅವಳ ತಾಟಿನ ಮೇಲೆ ಸೌಟು ಹಿಡಿದು, “ಥಾಕಲೇನಬೇ?” ಎಂದು ಕೇಳುತ್ತಿದ್ದೆ.

ಲಗ್ನದ ಸೀರೆಯ ಮಾತಿಗೆಂದು ಕಣಗಲಾದವರು ಮತ್ತೆ ಬರುವ ದಿನ ನಾನು ಗೋಕಾಕದಿಂದ ಕರದಂಟಿನ ಪೊಟ್ಟಣ ತಂದೆ. ಗೋಕಾಕದ ಕರದಂಟು ತಿಂದವರಿಗೆ ಗೊತ್ತು. ಅಂಟು, ಒಣಕೊಬ್ಬರಿ, ಬೆಲ್ಲ, ಗೋಡಂಬಿ ಎಲ್ಲ ಸೇರಿ ಅದು ಹಲ್ಲನ್ನು ಹಿಡಿದುಕೊಂಡರೆ ಬಿಡಿಸಿಕೊಳ್ಳಲು ನಾಲಿಗೆ ಅರ್ಧ ತಾಸು ದುಡಿಯಬೇಕು.

ಮಧ್ಯಾಹ್ನಕ್ಕೆ ಬರಬೇಕಾದವರ ಗಾಡಿ ದಾರಿಯಲ್ಲಿ ಕೆಟ್ಟು, ಅವರು ಬಂದಾಗ ಹೊತ್ತು ಇಳಿದಿತ್ತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವರಲ್ಲೂ ಇಲ್ಲ. ಹೀಗಾಗಿ ಕಾಲಿಗೆ ನೀರು ಕೊಡುವುದೂ ತಾಟು ಹಾಕುವುದೂ ಒಟ್ಟಿಗೇ ನಡೆಯಿತು. ಅವ್ವ ಕಿಟಕಿಯಿಂದ ಬಿಸಿಲು ನೋಡುತ್ತ, “ಲಗೂ ಲಗೂ” ಎನ್ನುತ್ತಿದ್ದಳು. ಅಕ್ಕ ಬಡಿಸಿ, ಆಮೇಲೆ ಒಳಗೆ ಹೋಗಿ ಪ್ಲೇಟು ತೆಗೆದು ಉಣ್ಣುವುದೆಂದು ಮೊದಲೇ ಆಗಿತ್ತು. ಆದರೆ ವರನ ತಾಯಿ ಅವಳ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. “ಹೊತ್ತ ಮುಳಗಿದ್ರ ಹುಡಿಗಿ ಉಪಾಸ ಬೀಳತೈತಿ. ಬಾ, ನಾನ ತಿನಸ್ತೀನಿ” ಎಂದು ಕರದಂಟಿನ ಚೂರು ಮುರಿದು ಅವಳ ಬಾಯಿಗಿಟ್ಟರು.

ಅಕ್ಕ ನನ್ನತ್ತ ನೋಡಿದಳು. ನಾನು ಕಣ್ಣಲ್ಲೇ, ಸಾವಕಾಶ ಎಂದೆ. ಅವರು ಎರಡನೆಯ ಚೂರು ಎತ್ತಿದರು. ಮೊದಲಿನದಕ್ಕಿಂತ ದೊಡ್ಡದು.

ಅಕ್ಕ, “ಥಾಕ್ರಿ” ಎಂದಳು.

“ಹಾಕ್ರಿ ಅಂತಾಳ ನೋಡ್ರಿ! ಅತ್ತಿ ಕೈಲೆ ಬಾಯಿ ಬಿಟ್ಟ ಕೇಳಾಕತ್ತಾಳ!” ಎಂದು ಅವರು ಆ ಚೂರನ್ನೂ ಬಾಯಿಗೆ ತುರುಕಿದರು. ಮನೆ ತುಂಬ ನಗು ಎದ್ದಿತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಕುಣಿಯಿತು. “ನೋಡ್ರಿ, ಮತ್ತ ನಾಚಿದ್ಲು” ಎಂದರು ಯಾರೋ.

ನಾನೂ ನಕ್ಕೆ. ಉಳಿದವರು ‘ಹಾಕ್ರಿ’ ಎಂದು ಕೇಳಿ ನಕ್ಕರು. ಅದು ‘ಸಾಕ್ರಿ’ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಆಗ ಪಡಸಾಲೆಯ ಮೂಲೆಯಿಂದ ಆಯಿ ಕೂಗಿದಳು. “ಪದ್ಮಾ ನಗಾಕತ್ತಿಲ್ಲ! ಬಳಿ ಸಪ್ಪಳ ಎಲ್ಲೈತಿ? ಬಳಿ ಯಾಕ ಸುಮ್ಮನ ಅದಾವ? ನೋಡ್ರೋ ಯಾರರ!”

ಬಳೆ ಸುಮ್ಮನಿದ್ದವು. ಕೈ ಬಾಯಿಗೆ ಬಿಗಿದು ಕುಳಿತಿತ್ತು. ಅಕ್ಕನ ಇನ್ನೊಂದು ಕೈ ನೆಲವನ್ನು ಕೆರೆಯುತ್ತಿತ್ತು. ಕಣ್ಣು ನನ್ನ ಮೇಲೇ ಇದ್ದವು. ಪ್ಲೇಟು, ಗಂಟಲು, ತೆಗೆ, ಬಗ್ಗಿಸು ಎಂದು ನನಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಆದರೆ ನಾನು ಕದಲಲಿಲ್ಲ. ನನ್ನ ಮುಖದ ಮೇಲೆ ಆ ನಗು ಇನ್ನೂ ಇತ್ತು. ಅದನ್ನು ಇಳಿಸಲು ನನಗೆ ಆಗಲಿಲ್ಲ. ಇವತ್ತಿಗೂ ತರಗತಿಯ ಮಧ್ಯೆ, ಬಸ್ಸಿನಲ್ಲಿ, ಹಿಟ್ಟು ನಾದುವಾಗ, ಆ ಚಿತ್ರ ಬಂದು ನಿಲ್ಲುತ್ತದೆ. ಆ ಚಿತ್ರದಲ್ಲಿ ಪ್ರತಿ ಸಲ ನಾನು ಎದ್ದು ಓಡುತ್ತೇನೆ. ಅಂದು ಮಾತ್ರ ಓಡಲಿಲ್ಲ.

ಎದ್ದವರು ವರನ ತಾಯಿ. ಗಂಟಲಿಗೆ ಕಬ್ಬಿನ ತುಂಡು ಸಿಕ್ಕಿಸಿಕೊಂಡ ಎಮ್ಮೆಗಳನ್ನು ಉಳಿಸಿಕೊಂಡ ಕೈ ಅದು. ಅಕ್ಕನ ಸೊಂಟ ಹಿಡಿದು ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಹೊಡೆದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕರದಂಟಿಗೆ ಅಂಟಿಕೊಂಡ ಪ್ಲೇಟು ಬಾಯಿಂದ ಹಾರಿ ಸ್ಟೀಲ್ ತಾಟಿನಲ್ಲಿ ‘ಠಣ್’ ಎಂದು ಬಿತ್ತು.

“ಅಗಬಾಯಿ! ದವಡಿನ ಬಿತ್ತಲ್ಲವಾ!” ಎಂದು ಅವರು ಕಿರುಚಿದರು.

ಅಕ್ಕ ಉಸಿರೆಳೆದ ಸದ್ದು, ಹಗ್ಗ ಹರಿದ ಕೊಡ ಬಾವಿಗೆ ಬಿದ್ದ ಹಾಗೆ ಕೇಳಿಸಿತು. ಆಮೇಲೆ ಅತ್ತಳು. ಅಳುವಾಗ ಕೈ ಅಡ್ಡ ಹಿಡಿಯುವುದು ಅವಳಿಗೆ ನೆನಪಾಗಲಿಲ್ಲ. ಮಾಳಿಗೆ ಹಲ್ಲು ಎಲ್ಲರಿಗೂ ಕಂಡಿತು.

ಅವ್ವ ತಪ್ಪಾಯಿತೆಂದು ಎಲ್ಲವನ್ನೂ ಹೇಳಿದಳು. ವರನ ತಾಯಿ ತಾಟಿನಲ್ಲಿದ್ದ ಆ ಗುಲಾಬಿ ಬಿಲ್ಲೆಯನ್ನು ನೋಡಿದರು, ಅಕ್ಕನನ್ನು ನೋಡಿದರು. ಹೊರಗೆ ಹೊತ್ತು ಮುಳುಗಿತ್ತು. ಯಾರೂ ಮತ್ತೆ ತಾಟಿಗೆ ಕೈ ಹಚ್ಚುವಂತಿರಲಿಲ್ಲ. ಅಷ್ಟೂ ಜನ ಅರೆಹೊಟ್ಟೆಯಲ್ಲಿ ಕುಳಿತಿದ್ದೆವು. ಸಂಬಂಧ ಮುರಿಯಿತು ಎಂದೇ ನಾನು ತಿಳಿದೆ.

“ಒಂದ ಹಲ್ಲ ಮುಚ್ಚಾಕ ಜೀವಾನ ಕಳಕೊಂತಿದ್ದೆಲ್ಲ ಹುಚ್ಚಿ” ಎಂದರು ಅವರು, ಸೆರಗಿನಿಂದ ಅಕ್ಕನ ಮುಖ ಒರೆಸುತ್ತ. “ನಮ್ಮನಿಗೆ ಬಾ. ಆದ್ರ ನಮ್ಮನ್ಯಾಗ ಕೈ ತಗದ ನಗಬೇಕ ನೋಡ. ಇಲ್ಲಂದ್ರ ನನಗ ಎದಿ ಒಡೀತೈತಿ.”

ಮರುದಿನ ಆಯಿ ಪ್ಲೇಟನ್ನು ಸಗಣಿಯಲ್ಲಿ ಸುತ್ತಿಸಿ ನನ್ನ ಕೈಗೆ ಕೊಟ್ಟಳು. “ಮಾಳಿಗಿ ಮ್ಯಾಲ ಒಗಿ. ಈ ಸಲಾ ಗುರಿ ತಪ್ಪಬ್ಯಾಡ.” ತಪ್ಪಲಿಲ್ಲ. ಅದು ಈಗಲೂ ಮೂಡಲಗಿಯ ಆ ಮಾಳಿಗೆಯ ಮಣ್ಣಿನಲ್ಲಿ ಎಲ್ಲೋ ಇರಬೇಕು. ಸಿಂಧೂ ಬಯಲಿನ ಹಾಗೆ ಯಾರಾದರೂ ಮುಂದೊಂದು ದಿನ ಅಗೆದರೆ, ನಮ್ಮ ಸಂಸ್ಕೃತಿಯ ಬಗ್ಗೆ ಏನು ಬರೆಯುತ್ತಾರೋ!

ಅಕ್ಕ ಕಣಗಲಾಕ್ಕೆ ಹೋಗಿ ಹತ್ತು ವರ್ಷ ದಾಟಿತು. ಮಾಳಿಗೆ ಹಲ್ಲು ಮಾಳಿಗೆಯಲ್ಲೇ ಇದೆ. ಅವಳು ಈಗ ಸೊಂಟಕ್ಕೆ ಕೈ ಇಟ್ಟು, ಬಾಯಿ ತೆರೆದು, ಎಮ್ಮೆಗಳು ಕತ್ತು ಹೊರಳಿಸಿ ನೋಡುವಂತೆ ನಗುತ್ತಾಳೆ. ಅತ್ತೆ ಗೆದ್ದರು. ನನಗೆ ಸಂತೋಷವೇ. ಆದರೆ ಅವಳ ಮನೆಗೆ ಹೋದಾಗಲೆಲ್ಲ ನಾನು ಆ ದೊಡ್ಡ ನಗುವಿನ ಒಳಗೆ ಕಿವಿಗೊಟ್ಟು ಹಳೆಯದನ್ನು ಹುಡುಕುತ್ತೇನೆ. ಸದ್ದಿಲ್ಲದ ಆ ಉಕ್ಕುವಿಕೆ, ಆ ಕಿಣಿಕಿಣಿ ನನಗೆ ಬೇಕು. ಬೇಕೆನ್ನಲು ಬಾಯಿ ಮಾತ್ರ ಇಲ್ಲ. ಅವಳು ಕೊನೆಯ ಸಲ ಕೈ ಅಡ್ಡ ಹಿಡಿದಾಗ ನಾನೇ ನಕ್ಕಿದ್ದೇನಲ್ಲ. ಅದನ್ನು ಅವಳಿಗೆ ಎಂದೂ ಹೇಳಿರಲಿಲ್ಲ. ‘ಸಾಕು’ ಎಂಬ ಮಾತು ನನಗೆ ತಿಳಿದಿತ್ತು ಎಂದು ಗೊತ್ತಾದರೆ, ಈ ಅಕ್ಕ ನನಗೆ ಉಳಿದಾಳೆಯೇ ಎಂಬುದು ಇಷ್ಟು ವರ್ಷದ ಅಂಜಿಕೆ.

ರವಿವಾರ ಮಧ್ಯಾಹ್ನ ಅಕ್ಕನ ಫೋನು ಬರುತ್ತದೆ. ಅಲೈನರ್ ಹಾಕಿದಾಗಿನಿಂದ ನಾನು ಫೋನು ರಿಂಗಾದ ಕೂಡಲೇ ಚಿಪ್ಪು ತೆಗೆದು ಡಬ್ಬಿಗೆ ಹಾಕಿ, ಆಮೇಲೆ ಮಾತನಾಡುತ್ತಿದ್ದೆ. ಅವಳಿಗೆ ಆ ದನಿ ಕೇಳಿಸಬಾರದು ಎಂದು. ಕಳೆದ ರವಿವಾರ ಹೊಸ ಜೋಡಿ ಕಚ್ಚುತ್ತಿತ್ತು, ತೆಗೆಯಲು ಮರೆತೆ.

“ಹಲೋ, ನಾ ಥುಮಾ” ಎಂದೆ.

“ಏನಂದಿ? ಸುಮಿ, ಬಾಯಾಗ ಏನ ಹಾಕ್ಕೊಂಡಿ?”

ಇನ್ನು ಅಡಗಿಸುವುದೇನು? ಹಲ್ಲು, ಡಾಕ್ಟರು, ಚಿಪ್ಪು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನಿಲ್ಲಲಾಗಲಿಲ್ಲ. “ಅಕ್ಕಾ, ಅವತ್ತ ನೀ ಹಾಕ್ರಿ ಅಂದಿರಲಿಲ್ಲ. ನನಗ ಗೊತ್ತಿತ್ತ. ಗೊತ್ತಿದ್ದ ನಕ್ಕೆ. ಎದ್ದ ಬರಲಿಲ್ಲ. ನೀ ಅಂದದ್ದ...” ಆ ಮಾತನ್ನು ಸರಿಯಾಗಿ ಹೇಳಲು ನಾಲಿಗೆಯನ್ನು ಎಷ್ಟು ಹೊರಳಿಸಿದರೂ ಚಿಪ್ಪು ಬಿಡಲಿಲ್ಲ. “ನೀ ಅಂದದ್ದ ಥಾಕು ಅಂತ.”

ಆ ಕಡೆಯಿಂದ ಏನೂ ಇಲ್ಲ. ಉಸಿರೂ ಇಲ್ಲ.

“ಅಕ್ಕಾ?”

ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹದಿನೈದು ಹರದಾರಿ ದೂರದಲ್ಲಿದ್ದವಳ ಬೆನ್ನಿಗೆ ಹೊಡೆಯಲು ಕೈ ಎತ್ತಿದ್ದೆ. “ಅಕ್ಕಾ! ಪದ್ಮಕ್ಕಾ!”

ಆಗ ಫೋನಿನ ಬಾಯಿಯ ಹತ್ತಿರ, ತೀರ ಹತ್ತಿರ, ಗಾಜಿನ ಬಳೆಗಳು ಕಿಣಿಕಿಣಿ ಎಂದವು.